ಕಾಣದ ನೆಲದ ಹೊಣೆ
(ಬಾನುಲಿ ಭಾಷಣ)

‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಎಂಬ ಗಾದೆಯನ್ನು ಕೇಳದ ಕನ್ನಡಿಗರಿಲ್ಲ. ಮದುವೆಯ ಮಾತನ್ನು ಇಂದಿಗೆ ಬಿಡೋಣ. ಮನೆ ಕಟ್ಟಿಸುವವರ ಪಾಡನ್ನು ನಾನು ಮೊದಲು ಕಂಡದ್ದು ಬಾಲ್ಯದಲ್ಲಿ, ನಮ್ಮ ತಂದೆಯವರು ಮನೆ ಕಟ್ಟಿಸಲು ಹೊರಟಾಗ. ಇಷ್ಟು ಹಣಕ್ಕೆ ಪಾಯ ತೋಡಿ ಗೋಡೆ ಎಬ್ಬಿಸಿ ಕೊಡುವುದೆಂದು ಮೇಸ್ತ್ರಿಯೊಡನೆ ಮಾತಾಗಿತ್ತು. ಮೂರಡಿ ತೋಡುವಷ್ಟರಲ್ಲಿ ಗುದ್ದಲಿ ಬಂಡೆಗೆ ಬಡಿಯಿತು. ‘ಬಂಡೆಯ ಮಾತು ಆಗಿರಲಿಲ್ಲ ಸ್ವಾಮಿ, ಇದಕ್ಕೆ ಬೇರೆ ಕೊಡಬೇಕಾಗುತ್ತದೆ’ ಎಂದ ಮೇಸ್ತ್ರಿ. ‘ಬಂಡೆಯನ್ನೇನು ನಾನು ತಂದು ಹೂತಿಟ್ಟೆನೇನಯ್ಯ?’ ಎಂದರು ತಂದೆ. ಇಬ್ಬರು ಹೇಳಿದ್ದೂ ಸುಳ್ಳಾಗಿರಲಿಲ್ಲ. ಮೂರು ದಿನ ಕೆಲಸ ನಿಂತಿತು. ಕೊನೆಗೆ ನಮ್ಮ ಬೀದಿಯ ಹಿರಿಯರೊಬ್ಬರು ಬಂದು ಹಳ್ಳವನ್ನು ಇಣುಕಿ ನೋಡಿ, ಬಂಡೆ ಒಡೆಯುವ ಖರ್ಚನ್ನು ಇಬ್ಬರಿಗೂ ಸಮನಾಗಿ ಹಂಚಿದರು. ಗುದ್ದಲಿಯ ಸದ್ದು ಮತ್ತೆ ಕೇಳಿಬಂತು.

ಈ ಸಣ್ಣ ಪ್ರಸಂಗದಲ್ಲಿ ಎರಡು ದೊಡ್ಡ ಪ್ರಶ್ನೆಗಳು ಅಡಗಿವೆ. ಯಾರ ಕಣ್ಣಿಗೂ ಕಾಣದೆ ನೆಲದೊಳಗೆ ಇದ್ದದ್ದರ ಹೊಣೆ ಯಾರದು? ಅದನ್ನು ತೀರ್ಮಾನಿಸಿ ಹೇಳತಕ್ಕವರು ಯಾರು? ಕಟ್ಟುವುದು ಮನೆಯಾಗಿರದೆ ಒಂದು ಅಣೆಕಟ್ಟೋ ಸುರಂಗವೋ ಆಗಿದೆಯೆಂದು ಭಾವಿಸಿರಿ. ಕಟ್ಟಿಸುವ ಸರಕಾರ ಒಂದು ದೇಶದ್ದು, ಕಂಟ್ರಾಕ್ಟರು ಇನ್ನೊಂದು ದೇಶದವನು, ಸಾಲ ಕೊಡುವ ಬ್ಯಾಂಕು ಮೂರನೆಯ ಕಡೆಯದು. ಒಬ್ಬರ ಭಾಷೆ ಇನ್ನೊಬ್ಬರಿಗೆ ಬಾರದು. ಒಬ್ಬರ ಕಾಯಿದೆಯಲ್ಲಿ ಇನ್ನೊಬ್ಬರಿಗೆ ನಂಬಿಕೆಯಿಲ್ಲ. ಇಬ್ಬರೂ ಗೌರವಿಸುವ ಬೀದಿಯ ಹಿರಿಯರನ್ನು ಅಲ್ಲಿ ಎಲ್ಲಿಂದ ತರುವುದು? ಅವರ ಸ್ಥಾನವನ್ನು ತುಂಬಲೆಂದು ಹುಟ್ಟಿದ ಕೆಲವು ಪುಸ್ತಕಗಳಿವೆ. ಕತೆಯಿಲ್ಲ, ಕವಿತೆಯಿಲ್ಲ, ಬರಿಯ ಷರತ್ತುಗಳು; ಆದರೆ ಮನುಷ್ಯಸ್ವಭಾವದ ಪರಿಚಯ ಅವುಗಳಲ್ಲಿ ಕಡಿಮೆಯದೇನಲ್ಲ.

ಈ ಪುಸ್ತಕಗಳನ್ನು ಹೊರತಂದ ಸಂಸ್ಥೆಯ ಹೆಸರು ಫಿಡಿಕ್. ಸಲಹೆಗಾರ ಇಂಜಿನಿಯರುಗಳ ಅಂತರರಾಷ್ಟ್ರೀಯ ಒಕ್ಕೂಟ ಎಂಬರ್ಥದ ಫ್ರೆಂಚ್ ಹೆಸರಿನ ಮೊದಲಕ್ಷರಗಳಿಂದಾದ ಮಾತು ಅದು. 1913ರಲ್ಲಿ ಬೆಲ್ಜಿಯಮಿನ ಘೆಂಟ್ ನಗರದಲ್ಲಿ ಅದು ಹುಟ್ಟಿತು. ಬೆಲ್ಜಿಯಂ, ಫ್ರಾನ್ಸ್, ಸ್ವಿಟ್ಜರ್ಲೆಂಡುಗಳ ಇಂಜಿನಿಯರುಗಳು ಅದರ ಸ್ಥಾಪಕರು. ಇಂದು ನಮ್ಮ ದೇಶದ ಸಲಹೆಗಾರ ಇಂಜಿನಿಯರುಗಳ ಸಂಘವೂ ಅದರ ಸದಸ್ಯತ್ವ ಪಡೆದಿದೆ. 1957ರಲ್ಲಿ ಈ ಒಕ್ಕೂಟ ಕಂಟ್ರಾಕ್ಟರುಗಳ ಸಂಘದೊಡನೆ ಸೇರಿ ಸಿವಿಲ್ ಕಾಮಗಾರಿಗಳಿಗೆಂದು ಒಂದು ಮಾದರಿ ಕರಾರನ್ನು ಪ್ರಕಟಿಸಿತು. ಹೊದಿಕೆ ಕೆಂಪಾಗಿದ್ದುದರಿಂದ ಅದಕ್ಕೆ ‘ಕೆಂಪು ಪುಸ್ತಕ’ ಎಂಬ ಹೆಸರೇ ನಿಂತಿತು. ಇಂಗ್ಲೆಂಡಿನ ಸಿವಿಲ್ ಇಂಜಿನಿಯರುಗಳು ಬಳಸುತ್ತಿದ್ದ ನಮೂನೆಯೇ ಅದರ ತಾಯಿಬೇರು. ಆರು ವರ್ಷಗಳ ತರುವಾಯ ಯಂತ್ರ ಮತ್ತು ವಿದ್ಯುತ್ ಕಾಮಗಾರಿಗಳಿಗೆ ಹಳದಿ ಪುಸ್ತಕ ಬಂತು. 1999ರಲ್ಲಿ ಕೆಂಪು, ಹಳದಿ, ಬೆಳ್ಳಿ, ಹಸಿರು ಎಂಬ ನಾಲ್ಕು ಬಣ್ಣದ ಪುಸ್ತಕಗಳು ಒಟ್ಟಿಗೇ ಹೊರಬಂದವು. ನಕ್ಷೆಯನ್ನು ಕಟ್ಟಿಸುವವರೇ ಕೊಡುವ ಕೆಲಸಕ್ಕೆ ಕೆಂಪು. ನಕ್ಷೆಯ ಹೊಣೆಯೂ ಕಂಟ್ರಾಕ್ಟರನದೇ ಆದರೆ ಹಳದಿ. ಬೀಗದ ಕೈಯನ್ನು ಕೈಗಿಡುವವರೆಗೆ ಸಕಲವೂ ಅವನದೇ ಆದರೆ ಬೆಳ್ಳಿ. ಸಣ್ಣ ಕೆಲಸಕ್ಕೆ ಹಸಿರು. 2019ರಲ್ಲಿ ವಿಶ್ವಬ್ಯಾಂಕು ತನ್ನ ಸಾಲದ ಕಾಮಗಾರಿಗಳಿಗೆ ಈ ಒಕ್ಕೂಟದ ಆರು ಕರಾರುಗಳನ್ನು ಬಳಸಲು ಒಪ್ಪಂದ ಮಾಡಿಕೊಂಡಿತು.

ಈಗ ನಮ್ಮ ಬಂಡೆಯ ವಿಷಯಕ್ಕೆ ಬರೋಣ. ಕೆಂಪು ಮತ್ತು ಹಳದಿ ಪುಸ್ತಕಗಳು ಕೊಡುವ ಉತ್ತರ ಒಂದು ಕಲ್ಪಿತ ವ್ಯಕ್ತಿಯನ್ನು ಆಶ್ರಯಿಸಿದೆ. ಅವನೇ ‘ಅನುಭವಿ ಕಂಟ್ರಾಕ್ಟರು’. ಟೆಂಡರು ಹಾಕುವ ಹೊತ್ತಿಗೆ ಅಂಥವನೊಬ್ಬ ಯುಕ್ತವಾಗಿ ಊಹಿಸಬಹುದಾಗಿದ್ದ ತೊಂದರೆಯಾದರೆ ಅದರ ಭಾರ ಕಂಟ್ರಾಕ್ಟರನದು. ಊಹೆಗೆ ನಿಲುಕದ್ದಾದರೆ ಹೆಚ್ಚಿನ ಕಾಲವನ್ನೂ ತಗುಲಿದ ವೆಚ್ಚವನ್ನೂ ಕಟ್ಟಿಸುವವರು ಕೊಡತಕ್ಕದ್ದು. ಆದರೆ ಲಾಭವನ್ನು ಕೊಡಬೇಕಾಗಿಲ್ಲ. ದುರದೃಷ್ಟದಲ್ಲಿ ಯಾರೂ ಲಾಭ ಮಾಡಿಕೊಳ್ಳಬಾರದು ಎಂಬ ವಿವೇಕ ಅಲ್ಲಿದೆ. ಬೆಳ್ಳಿ ಪುಸ್ತಕದ್ದು ಇನ್ನೊಂದು ದಾರಿ. ಎಲ್ಲ ಕಷ್ಟಗಳನ್ನೂ ಮೊದಲೇ ಕಂಡುಕೊಂಡಿದ್ದಾನೆಂದು ಭಾವಿಸಿ ಅದು ಸಕಲ ಭಾರವನ್ನೂ ಕಂಟ್ರಾಕ್ಟರನ ತಲೆಗೆ ಹೊರಿಸುತ್ತದೆ. ಆ ಭಯಕ್ಕೆ ಬೆಲೆ ಕಟ್ಟಿ ಅವನು ಮೊದಲೇ ಹೆಚ್ಚು ಹಣ ಕೇಳಿದರೆ ಆಶ್ಚರ್ಯವಿಲ್ಲ. ನೆಲದಡಿಯ ಕೆಲಸವೇ ಹೆಚ್ಚಾಗಿರುವಲ್ಲಿ ಈ ಪುಸ್ತಕ ತಕ್ಕುದಲ್ಲವೆಂದು ಒಕ್ಕೂಟವೇ ಎಚ್ಚರಿಸಿದೆ.

‘ಅನುಭವಿ ಕಂಟ್ರಾಕ್ಟರು’ ಎಂಬ ಎರಡು ಪದಗಳ ತೂಕವೆಷ್ಟೆಂಬುದಕ್ಕೆ ಜಿಬ್ರಾಲ್ಟರಿನ ಉದಾಹರಣೆ ಸಾಕು. ಸ್ಪೇನಿನ ದಕ್ಷಿಣದ ತುದಿಯಲ್ಲಿ ಬ್ರಿಟಿಷರ ವಶದಲ್ಲಿರುವ ಪುಟ್ಟ ನಾಡು ಅದು. ಗಡಿಗೆ ಹೋಗುವ ಹೆದ್ದಾರಿ ವಿಮಾನದ ಓಡುಹಾದಿಯನ್ನೇ ಅಡ್ಡಹಾಯುತ್ತಿತ್ತು. ವಿಮಾನ ಬಂದಾಗಲೆಲ್ಲ ವಾಹನಗಳನ್ನು ತಡೆದು ನಿಲ್ಲಿಸುತ್ತಿದ್ದರು. ಓಡುಹಾದಿಯ ಪೂರ್ವದ ತುದಿಯ ಕೆಳಗೆ ಒಂದು ಸುರಂಗವನ್ನೂ ರಸ್ತೆಯನ್ನೂ ನಿರ್ಮಿಸಲು ಅಲ್ಲಿಯ ಸರಕಾರ 2008ರ ಡಿಸೆಂಬರಿನಲ್ಲಿ ಸ್ಪೇನಿನ ಒಂದು ಕಂಪೆನಿಯೊಡನೆ ಹಳದಿ ಪುಸ್ತಕದ ಷರತ್ತುಗಳ ಮೇಲೆ ಕರಾರು ಮಾಡಿಕೊಂಡಿತು. ಬೆಲೆ ಸುಮಾರು 3 ಕೋಟಿ ಪೌಂಡು, ಅವಧಿ 2 ವರ್ಷ.

ಅಗೆಯತೊಡಗಿದರೆ ನೆಲದಲ್ಲಿ ಸೀಸವೇ ಮೊದಲಾದ ವಿಷಪದಾರ್ಥಗಳು. ಇಷ್ಟು ಕೆಟ್ಟ ಮಣ್ಣನ್ನು ಯಾರೂ ಊಹಿಸುವಂತಿರಲಿಲ್ಲವೆಂದು ಕಂಪೆನಿ ವಾದಿಸಿತು. ಕೆಲಸ ಕುಂಟಿತು, ನಿಂತಿತು. 2011ರ ಜುಲೈಯಲ್ಲಿ ಸರಕಾರ ಕರಾರನ್ನು ಕೊನೆಗಾಣಿಸಿದಾಗ ಮುಗಿದಿದ್ದುದು ಕಾಲುಭಾಗಕ್ಕಿಂತ ತುಸು ಹೆಚ್ಚು. ವ್ಯಾಜ್ಯ ಲಂಡನ್ನಿನ ನ್ಯಾಯಾಲಯಕ್ಕೆ ಹೋಯಿತು. 2014ರಲ್ಲಿ ನ್ಯಾಯಮೂರ್ತಿ ಏಕನ್‌ಹೆಡ್ ಅವರು ಕೊಟ್ಟ ತೀರ್ಪಿನ ಸಾರ ಇಷ್ಟು: ಶತಮಾನಗಳಿಂದ ಸೈನ್ಯ ಬೀಡುಬಿಟ್ಟ ನೆಲವಿದು, ಸರಕಾರ ಕೊಟ್ಟ ವರದಿಯ ಅಂಕಿಯನ್ನಷ್ಟೇ ನಂಬಿ ಕೂರದೆ ಇದಕ್ಕಿಂತ ಹೆಚ್ಚಿನ ಕೆಟ್ಟ ಮಣ್ಣಿಗೆ ಅನುಭವಿಯಾದವನು ಸಿದ್ಧನಾಗಿರಬೇಕಿತ್ತು. ಕಂಪೆನಿ ಕೇಳಿದ್ದ ಹೆಚ್ಚಿನ ಕಾಲಾವಕಾಶದಲ್ಲಿ ಅದಕ್ಕೆ ದೊರೆತದ್ದು ಕೇವಲ 7 ದಿನ. 2015ರಲ್ಲಿ ಮೇಲಿನ ನ್ಯಾಯಾಲಯವೂ ಕಂಪೆನಿಯ ಮನವಿಯನ್ನು ತಳ್ಳಿಹಾಕಿತು. ಎರಡು ವರ್ಷದಲ್ಲಿ ಮುಗಿಯಬೇಕಾಗಿದ್ದ ಸುರಂಗದಲ್ಲಿ ಜನ ಸಂಚರಿಸತೊಡಗಿದ್ದು 2023ರ ಮಾರ್ಚಿಯಲ್ಲಿ. ತೀರ್ಪು ನ್ಯಾಯವಾದದ್ದೇ ಇರಬಹುದು. ಆದರೆ ತಡೆಗಂಬದ ಮುಂದೆ ಅಷ್ಟು ವರ್ಷ ಕಾದು ನಿಂತವರಿಗೆ ಆ ಹೊತ್ತನ್ನು ಯಾವ ಕರಾರೂ ಹಿಂದಿರುಗಿಸಲಾರದು.

ಆದ್ದರಿಂದಲೇ ಎರಡನೆಯ ಪ್ರಶ್ನೆ, ಹೇಳತಕ್ಕವರು ಯಾರು ಎಂಬುದು, ಮೊದಲನೆಯದಕ್ಕಿಂತ ಮುಖ್ಯವಾಗುತ್ತದೆ. ಹಳೆಯ ಕೆಂಪು ಪುಸ್ತಕದಲ್ಲಿ ಆ ಸ್ಥಾನ ಇಂಜಿನಿಯರನದು. ನೇಮಿಸುವವರೂ ಸಂಬಳ ಕೊಡುವವರೂ ಕಟ್ಟಿಸುವವರು. ಆದರೂ ತಂಟೆ ಬಂದಾಗ ಅವನು ಇಬ್ಬರ ನಡುವೆ ನ್ಯಾಯ ಹೇಳಬೇಕು. ಒಬ್ಬರ ಅನ್ನ ಉಂಡು ಇಬ್ಬರ ನ್ಯಾಯ ನುಡಿಯುವುದು ಸುಲಭದ ಮಾತಲ್ಲ. ನುಡಿದವರೂ ಇದ್ದರೆಂಬುದು ಆ ವೃತ್ತಿಯ ಹಿರಿಮೆ. ಆದರೂ ಸಂದೇಹ ಹೋಗಲಿಲ್ಲ. 1987ರ ಆವೃತ್ತಿ ಅವನು ‘ನಿಷ್ಪಕ್ಷಪಾತಿ’ಯಾಗಿರಬೇಕೆಂದು ಬಾಯಿಬಿಟ್ಟು ಹೇಳಿತು. 1999ರಲ್ಲಿ ಆ ಮಾತು ಬಿದ್ದುಹೋಯಿತು: ಇಂಜಿನಿಯರು ಕಟ್ಟಿಸುವವರ ಪರವಾಗಿಯೇ ಇರುವವನೆಂದು ಒಪ್ಪಿಕೊಂಡು, ಅವನ ನಿರ್ಣಯ ‘ನ್ಯಾಯೋಚಿತ’ವಾಗಿದ್ದರೆ ಸಾಕೆಂದರು. 2017ರಲ್ಲಿ, ನಿರ್ಣಯ ಕೊಡುವಾಗ ಅವನು ‘ತಟಸ್ಥ’ನಾಗಿರಬೇಕೆಂದರು. ತಟಸ್ಥನೆಂದರೆ ದಡದಲ್ಲಿ ನಿಂತವನು. ಪಾಪ, ಇಂಜಿನಿಯರು ಇಬ್ಬರೊಡನೆ ನೀರಿಗಿಳಿದವನು! ಮೂರು ಪದಗಳ ಈ ಪ್ರಯಾಣದಲ್ಲಿ ಒಂದು ವೃತ್ತಿಯ ಅಂತಸ್ಸಾಕ್ಷಿಯ ಚರಿತ್ರೆಯೇ ಇದೆಯೆಂದು ನನಗೆ ತೋರುತ್ತದೆ.

ಇಂಜಿನಿಯರನಿಂದ ಇಳಿಸಿದ ಭಾರವನ್ನು ಇನ್ನೊಬ್ಬರು ಹೊರಬೇಕಷ್ಟೆ. ಅಮೆರಿಕದ ಕೊಲರಾಡೊ ಪ್ರಾಂತದಲ್ಲಿ ಐಸೆನ್‌ಹೋವರ್ ಸುರಂಗದ ಮೊದಲ ಕೊಳವೆಯನ್ನು ಕೊರೆಯುವಾಗ ಬಂಡೆಯ ಕಾಟವೂ ಜಗಳದ ಕಾಟವೂ ವಿಪರೀತವಾಗಿದ್ದುವು. ಅದರಿಂದ ಪಾಠ ಕಲಿತು, 1975ರಲ್ಲಿ ಎರಡನೆಯ ಕೊಳವೆಗೆ ಮೂವರು ಅನುಭವಿಗಳ ಒಂದು ಮಂಡಲಿಯನ್ನು ನೇಮಿಸಿಕೊಂಡರು. 1980ರ ಸುಮಾರಿಗೆ ಹೊಂಡುರಾಸಿನ ಎಲ್ ಕಹೋನ್ ಅಣೆಕಟ್ಟಿನಲ್ಲಿಯೂ ಇಂಥ ಮಂಡಲಿ ಕೆಲಸ ಮಾಡಿತು. 1999ರ ಪುಸ್ತಕಗಳು ಇದನ್ನು ನಿಯಮವಾಗಿಯೇ ಸೇರಿಸಿಕೊಂಡವು: ಒಬ್ಬರು ಅಥವಾ ಮೂವರು, ಇಬ್ಬರಿಗೂ ಒಪ್ಪಿತರಾದವರು, ಸಂಭಾವನೆಯನ್ನು ಇಬ್ಬರಿಂದಲೂ ಸಮನಾಗಿ ಪಡೆಯುವವರು, 84 ದಿನಗಳಲ್ಲಿ ತೀರ್ಮಾನ ಹೇಳಬೇಕಾದವರು. 2017ರಲ್ಲಿ ತಂಟೆಯನ್ನು ತೀರಿಸುವುದರ ಜೊತೆಗೆ ಅದು ಹುಟ್ಟದಂತೆ ನೋಡಿಕೊಳ್ಳುವುದೂ ಈ ಮಂಡಲಿಯ ಕರ್ತವ್ಯವಾಯಿತು.

ಇನ್ನೊಂದು ನಿಯಮವನ್ನು ಹೇಳದೆ ಬಿಡುವಂತಿಲ್ಲ. ತೊಂದರೆ ತಿಳಿದ 28 ದಿನಗಳೊಳಗೆ ಕಂಟ್ರಾಕ್ಟರು ಬರಹದಲ್ಲಿ ಸೂಚನೆ ಕೊಡಬೇಕು. ಕೊಡದಿದ್ದರೆ ಹಕ್ಕೇ ಹೋಯಿತು ಎನ್ನುತ್ತದೆ 1999ರ ಪುಸ್ತಕ. ಹಳ್ಳ ತೆರೆದಿರುವಾಗಲೇ ಇಣುಕಿ ನೋಡಬೇಕು, ಮುಚ್ಚಿದ ಮೇಲೆ ಸಾಕ್ಷಿಯೆಲ್ಲಿ ಎಂಬುದು ಇದರ ತರ್ಕ. ತರ್ಕ ಸರಿಯೇ. ಆದರೆ ಒಂದು ಕಾಗದ ತಡವಾದ ಮಾತ್ರಕ್ಕೆ ನ್ಯಾಯವಾದ ಹಣ ಮುಳುಗಬೇಕೆ? ನಮ್ಮ ದೇಶದ 1872ರ ಕರಾರು ಕಾಯಿದೆಯಲ್ಲಿ, ಕಾಕತಾಳೀಯವೆಂಬಂತೆ, 28ನೆಯ ಕಲಮೇ ಇದಕ್ಕೆ ಅಡ್ಡ ಬರುತ್ತದೆ. ಗೊತ್ತುಮಾಡಿದ ಅವಧಿ ಕಳೆದೊಡನೆ ಹಕ್ಕನ್ನೇ ಅಳಿಸುವ ಷರತ್ತು ಅಷ್ಟರಮಟ್ಟಿಗೆ ಶೂನ್ಯವೆಂದು 1997ರಲ್ಲಿ ಜಾರಿಗೆ ಬಂದ ತಿದ್ದುಪಡಿ ಹೇಳುತ್ತದೆ. ಭಾರತದ ನೆಲದಲ್ಲಿ ಆ 28 ದಿನಗಳ ನಿಯಮ ನಿಲ್ಲುವುದೇ ಎಂಬುದು ನಮ್ಮ ವಕೀಲರಲ್ಲಿ ಚರ್ಚೆಯ ವಿಷಯವಾಗಿದೆ.

ಸುರಂಗಗಳಿಗೆಂದೇ 2019ರಲ್ಲಿ ಪಚ್ಚೆಯ ಬಣ್ಣದ ಇನ್ನೊಂದು ಪುಸ್ತಕ ಬಂದಿದೆ. ಅದರ ಕ್ರಮ ಸರಳ, ಪ್ರಾಮಾಣಿಕ. ನೆಲ ಹೇಗಿರಬಹುದೆಂದು ತಾವಿಬ್ಬರೂ ನಂಬಿದ್ದೇವೆಂಬುದನ್ನು ಕೆಲಸಕ್ಕೆ ಮೊದಲೇ ಒಂದು ವರದಿಯಲ್ಲಿ ಬರೆದಿಡುವುದು. ಅದರಿಂದಾಚೆಗೆ ಸಿಕ್ಕಿದ್ದರ ಹೊಣೆಯನ್ನು ನೆಲದ ಒಡೆಯರು ಹೊರುವುದು. ‘ನಮಗೆ ತಿಳಿದದ್ದು ಇಷ್ಟು’ ಎಂದು ಜಗಳಕ್ಕೆ ಮೊದಲೇ ಬರೆದಿಡುವುದಕ್ಕೆ ಮನುಷ್ಯರು 1957ರಿಂದ ಇಷ್ಟು ವರ್ಷ ತೆಗೆದುಕೊಂಡರು.

ನಮ್ಮ ಬೀದಿಯ ಆ ಹಿರಿಯರು ಯಾವ ಪುಸ್ತಕವನ್ನೂ ಓದಿದವರಲ್ಲ. ಆದರೆ ಅವರು ಹಳ್ಳ ತೆರೆದಿರುವಾಗಲೇ ಬಂದರು. ತಾವೇ ಇಣುಕಿ ನೋಡಿದರು. ಇಬ್ಬರಿಂದಲೂ ಒಂದು ಲೋಟ ನೀರಿಗಿಂತ ಹೆಚ್ಚಿಗೆ ಏನನ್ನೂ ಸ್ವೀಕರಿಸಲಿಲ್ಲ. ಜಗತ್ತಿನ ದೊಡ್ಡ ಕರಾರುಗಳು ಬಣ್ಣ ಬಣ್ಣದ ಹೊದಿಕೆಗಳಲ್ಲಿ ಹುಡುಕುತ್ತಿರುವುದು ಅಂಥವರನ್ನೇ. ನಾಳೆ ತಾವು ಮನೆ ಕಟ್ಟಿಸುವುದಾದರೆ, ಮೇಸ್ತ್ರಿಯೊಡನೆ ಗೋಡೆಯ ಮಾತಿಗೆ ಮೊದಲು ಬಂಡೆಯ ಮಾತನ್ನು ಆಡಿಕೊಳ್ಳಿರಿ.