ಮೊಣಕಾಲಿನ ನೋವು: ಒಬ್ಬ ಕುಸ್ತಿಪಟುವಿನ ಅನುಭವ

(ಮುಗಳಖೋಡದ ದಂಪತಿಗಳನ್ನು ಉದ್ದೇಶಿಸಿ ಮಾಡಿದ ಭಾಷಣ)



ಕುಸ್ತಿಯ ವಿಷಯವನ್ನು ಈ ಗಡಿಭಾಗದ ಜನರಿಗೆ ಹೊಸದಾಗಿ ಹೇಳಬೇಕಾಗಿಲ್ಲ. ಜಾತ್ರೆಯ ಕಣದಲ್ಲಿ ಪೈಲ್ವಾನನ ತೋಳು, ಎದೆಗಳನ್ನು ತಾವು ಮೆಚ್ಚಿ ನೋಡಿರುವಿರಿ. ಆದರೆ ಆ ದೇಹದ ಭಾರವನ್ನೆಲ್ಲ ಹೊತ್ತು, ಮಣಿದು, ತಿರುಗಿ ನಿಲ್ಲುವುದು ಮೊಣಕಾಲು. ಅದು ಕೈಕೊಟ್ಟರೆ ಎಂತಹ ಬಲಶಾಲಿಯೂ ನೆಲಕ್ಕೊರಗುವನು.

ಹರಿಯಾಣದ ಬಲಾಲಿ ಗ್ರಾಮದ ವಿನೇಶ್ ಫೋಗಟ್ ಅವರ ಸಂಗತಿಯನ್ನು ಕೇಳಿರಿ. 2016ರ ರಿಯೋ ಒಲಿಂಪಿಕ್ಸ್‌ನಲ್ಲಿ ಚೀನಾದ ಎದುರಾಳಿಯೊಡನೆ ಸೆಣಸುತ್ತಿದ್ದಾಗ ಅವರ ಮೊಣಕಾಲು ತಿರುಚಿ ಒಳಗಿನ ಕಟ್ಟು ಹರಿಯಿತು. ಅವರನ್ನು ಸ್ಟ್ರೆಚರಿನ ಮೇಲೆ ಹೊತ್ತೊಯ್ಯಬೇಕಾಯಿತು. ಶಸ್ತ್ರಚಿಕಿತ್ಸೆಯ ನಂತರ ತಿಂಗಳುಗಟ್ಟಲೆ ಕ್ರಮಬದ್ಧವಾದ ವ್ಯಾಯಾಮ ನಡೆಯಿತು. 2017ರ ಮೇ ತಿಂಗಳಲ್ಲಿ ಅವರು ದೆಹಲಿಯ ಏಷ್ಯನ್ ಚಾಂಪಿಯನ್‌ಷಿಪ್‌ನಲ್ಲಿ ಬೆಳ್ಳಿಯ ಪದಕ ಪಡೆದರು. 2018ರಲ್ಲಿ ಜಕಾರ್ತಾದಲ್ಲಿ, ಏಷ್ಯನ್ ಕ್ರೀಡಾಕೂಟದ ಕುಸ್ತಿಯಲ್ಲಿ ಚಿನ್ನ ಗೆದ್ದ ಮೊದಲ ಭಾರತೀಯ ಮಹಿಳೆಯಾದರು. 2023ರ ಆಗಸ್ಟ್‌ನಲ್ಲಿ ಮೊಣಕಾಲಿಗೆ ಪುನಃ ಪೆಟ್ಟಾಗಿ ಮತ್ತೊಮ್ಮೆ ಶಸ್ತ್ರಚಿಕಿತ್ಸೆಯಾಯಿತು. ಆ ವರ್ಷದ ಏಷ್ಯನ್ ಕ್ರೀಡಾಕೂಟವನ್ನು ಅವರು ಬಿಟ್ಟುಕೊಟ್ಟರು.

ಪದಕಕ್ಕಿಂತ ಆ ಕಾಯುವಿಕೆಯೇ ನಮಗೆ ಮುಖ್ಯ. ಹರಿದ ಕಟ್ಟನ್ನು ಹೊಸದಾಗಿ ಜೋಡಿಸಿದ ಮೇಲೆ ಆಟಕ್ಕೆ ಮರಳಲು ಸಾಮಾನ್ಯವಾಗಿ 9 ತಿಂಗಳಿಂದ ಒಂದು ವರ್ಷ ಬೇಕು. ನಮ್ಮಲ್ಲಾದರೋ 9 ದಿನಗಳ ತಾಳ್ಮೆಯೂ ಅಪರೂಪ! ಒಂದು ಸೂಜಿ ಚುಚ್ಚಿಸಿಕೊಂಡು, ನೋವು ಅಡಗಿದೊಡನೆ ಗುಣವಾಯಿತೆಂದು ಭಾವಿಸಿ ಕಬ್ಬಿನ ಹೊರೆಗೆ ಹೆಗಲು ಕೊಡುತ್ತೇವೆ. ನೋವಿನ ಗುಳಿಗೆಯು ನೋವನ್ನು ಮರೆಸುವುದೇ ಹೊರತು ಹರಿದುದನ್ನು ಕೂಡಿಸದು. ವೈದ್ಯರ ಸಲಹೆಯಿಲ್ಲದೆ ಅದನ್ನು ನಿತ್ಯವೂ ನುಂಗಿದರೆ ಜಠರದಲ್ಲಿ ಹುಣ್ಣಾಗಬಹುದು, ಮೂತ್ರಪಿಂಡಗಳು ಕೆಡಬಹುದು.

ಮೊಣಕಾಲು ಉಳುಕಿದಾಗ ಮೊದಲ ಎರಡು ದಿನ ತಿಕ್ಕುವುದೂ ಶಾಖ ಕೊಡುವುದೂ ಬೇಡ. ಮಂಜುಗಡ್ಡೆಯನ್ನು ಬಟ್ಟೆಯಲ್ಲಿ ಸುತ್ತಿ, ಇಲ್ಲವೇ ತಣ್ಣೀರಿನ ಬಟ್ಟೆಯನ್ನು, 15 ನಿಮಿಷ ಇಟ್ಟು, ಕಾಲನ್ನು ದಿಂಬಿನ ಮೇಲೆ ಎತ್ತರಿಸಿರಿ. ಪೆಟ್ಟಾದ ಕೆಲವೇ ಗಂಟೆಗಳಲ್ಲಿ ಬಾವು ಬಂದರೆ, ಕಾಲು ಊರಲಾಗದಿದ್ದರೆ, ನಡೆಯುವಾಗ ಕಾಲು ಕುಸಿದರೆ ಅಥವಾ ಮಡಿಸಿದ ಕಾಲು ಸಿಕ್ಕಿಕೊಂಡರೆ ವಿಳಂಬಿಸದೆ ಆಸ್ಪತ್ರೆಗೆ ಹೋಗಬೇಕು. ಜ್ವರದೊಡನೆ ಕೀಲು ಕೆಂಪಾಗಿ ಊದಿದರಂತೂ ಅದೇ ದಿನ.

ಇನ್ನು ಸಹೋದರಿಯರ ಮಾತು. ಗಂಡಸಿನ ಕಾಲು ಕಣದಲ್ಲಿ ಮುರಿದರೆ ಊರೆಲ್ಲ ಕೇಳುವುದು. ಒಲೆಯ ಮುಂದೆ ಕುಳಿತು, ಕಳೆ ಕಿತ್ತು, ಮೇವು ಹೊತ್ತು ಸವೆದ ಹೆಂಗಸಿನ ಮೊಣಕಾಲನ್ನು ಮನೆಯವರೂ ಕೇಳರು. ಕೀಲು ಸವೆತವು 50 ವರ್ಷ ದಾಟಿದ ಸ್ತ್ರೀಯರಲ್ಲಿ ಪುರುಷರಿಗಿಂತ ಹೆಚ್ಚು. ಅದಕ್ಕೆ ವಯಸ್ಸಾಯಿತೆಂಬ ಉತ್ತರ ಸಾಲದು. ತೂಕ ಹೆಚ್ಚಿದ್ದವರು ಒಂದು ಕಿಲೋ ಇಳಿಸಿದರೆ ಪ್ರತಿ ಹೆಜ್ಜೆಯಲ್ಲಿ ಮೊಣಕಾಲಿನ ಹೊರೆ ಸುಮಾರು ನಾಲ್ಕು ಕಿಲೋ ತಗ್ಗುವುದು. ತೊಡೆಯ ಸ್ನಾಯು ಬಲವಾದಷ್ಟೂ ಕೀಲಿಗೆ ಆಸರೆ. ಕಾಲು ಚಾಚಿ ಕುಳಿತು, ಮೊಣಕಾಲಿನ ಕೆಳಗೆ ಸುತ್ತಿದ ಟವೆಲ್ ಇಟ್ಟು, ಅದನ್ನು ಕೆಳಕ್ಕೆ ಒತ್ತಿ ಐದು ಎಣಿಸುವವರೆಗೆ ಹಿಡಿದು ಬಿಡಿರಿ. ಹೀಗೆ ಹತ್ತು ಸಲ, ಬೆಳಿಗ್ಗೆ ಸಂಜೆ. ಫಲ ಕಾಣಲು ಕೆಲವು ವಾರಗಳಾದರೂ ಬೇಕು. ಗಂಡ ಹೆಂಡತಿ ಜೊತೆಗೆ ಕುಳಿತು ಮಾಡಿದರೆ ತಪ್ಪದೆ ನಡೆಯುವುದು.

ಆಸ್ಪತ್ರೆಗೆ ಹೋಗುವ ದಿನ ದನಕರುಗಳ ಕೆಲಸವನ್ನು ಪತಿಯು ಮೊದಲೇ ಮುಗಿಸಿ, ಪತ್ನಿಯೊಡನೆ ತಾನೂ ಬರಲಿ. ಇದುವರೆಗೆ ನುಂಗಿದ ಗುಳಿಗೆಗಳ ಚೀಟಿಯನ್ನೂ ತಪ್ಪದೆ ತರಲಿ.