ಕಾಣದ ಮೀನಿನ ಲೆಕ್ಕ
(ವಕ್ಕಲೇರಿಯಲ್ಲಿ ವಿದ್ಯಾರ್ಥಿಗಳ ಸಭೆಯಲ್ಲಿ ಮಾಡಿದ ಭಾಷಣ)



ಸಮುದ್ರವೇ ಇಲ್ಲದ ಕೋಲಾರ ಜಿಲ್ಲೆಯಲ್ಲಿ ಧ್ರುವ ಸಾಗರದ ಮೀನಿನ ಮಾತೇಕೆ ಎಂದು ನೀವು ಕೇಳಬಹುದು. ನಮಗೆ ಗೊತ್ತಿರುವುದು ಕೆರೆ. ಏರಿಯ ಮೇಲೆ ನಿಂತವರಿಗೆ ಮೇಲೆ ನೆಗೆಯುವ ಮೀನು ಕಾಣುತ್ತದೆ. ತಳದ ಕೆಸರಿನಲ್ಲಿ ಅಡಗಿದ ಮೀನು ಕಾಣುವುದಿಲ್ಲ. ಕಾಣದ್ದನ್ನು ಎಣಿಸುವುದು ಹೇಗೆ? ಇದೇ ಇಂದಿನ ವಿಷಯ.

ನಾರ್ವೆಯ ಉತ್ತರಕ್ಕಿರುವ ಬ್ಯಾರೆಂಟ್ಸ್ ಸಮುದ್ರದಲ್ಲಿ ವಿಜ್ಞಾನಿಗಳು ಪ್ರತಿ ವರ್ಷ ತಳದ ಬಲೆ ಎಳೆಯುತ್ತಾರೆ. ಮೀನು ಹೆಚ್ಚು ಸಿಗುವ ಜಾಗವನ್ನು ಅವರು ಹುಡುಕುವುದಿಲ್ಲ. ಮೊದಲೇ ಗೊತ್ತುಮಾಡಿದ ಜಾಗಗಳಲ್ಲಿ, ಒಂದೇ ಬಗೆಯ ಬಲೆಯನ್ನು, ಒಂದೇ ವೇಗದಲ್ಲಿ, ಸುಮಾರು 15 ನಿಮಿಷ ಎಳೆಯುತ್ತಾರೆ. ಸಿಕ್ಕಿದ್ದನ್ನು ಜಾತಿವಾರು ಬೇರ್ಪಡಿಸಿ ತೂಗುತ್ತಾರೆ, ಅಳೆಯುತ್ತಾರೆ. ಮೀನಿನ ಕಿವಿಯೊಳಗಿನ ಪುಟ್ಟ ಕಲ್ಲಿನ ಉಂಗುರಗಳನ್ನು ಎಣಿಸಿ ವಯಸ್ಸು ತಿಳಿಯುತ್ತಾರೆ. ಯಾವುದಾದರೂ ಜಾತಿ ಸಿಗದಿದ್ದರೆ ಸೊನ್ನೆ ಎಂದು ಬರೆಯುತ್ತಾರೆ. ಆ ಸೊನ್ನೆಯೂ ಲೆಕ್ಕವೇ.

ಬಲೆ ತಳದ ಜೀವಿಗಳಿಗೆ ಹಾನಿ ಮಾಡುತ್ತದೆ. ಆದ್ದರಿಂದ ಕೆಲವೆಡೆ ಕ್ಯಾಮೆರಾ ಇಳಿಸುತ್ತಾರೆ. 2021ರಲ್ಲಿ ಜರ್ಮನಿಯ ಪೋಲಾರ್‌ಸ್ಟರ್ನ್ ಹಡಗು ಅಂಟಾರ್ಕ್ಟಿಕಾದ ವೆಡೆಲ್ ಸಮುದ್ರದಲ್ಲಿ ಹೀಗೆ ಮಾಡಿದಾಗ, ರಕ್ತದಲ್ಲಿ ಕೆಂಪು ಬಣ್ಣವೇ ಇಲ್ಲದ ಹಿಮಮೀನುಗಳ ಗೂಡುಗಳು ಕಂಡವು. ಚಿತ್ರಗಳಲ್ಲಿ ಎಣಿಸಿದ್ದು 16,160 ಗೂಡು; ಅದರಿಂದ ಸುಮಾರು 240 ಚದರ ಕಿಲೋಮೀಟರಿಗೆ ಕಟ್ಟಿದ ಅಂದಾಜು 6 ಕೋಟಿ. ಅಲ್ಲಿಯವರೆಗೆ ಅವು ಯಾರಿಗೂ ಗೊತ್ತಿರಲಿಲ್ಲ.

ಲೆಕ್ಕ ತಪ್ಪಿದರೆ ಏನಾಗುತ್ತದೆ? ಕೆನಡಾದ ನ್ಯೂಫೌಂಡ್‌ಲ್ಯಾಂಡಿನ ಕಾಡ್ ಮೀನಿನ ಕಥೆ ಕೇಳಿ. ದೊಡ್ಡ ಹಡಗುಗಳು ಮೀನು ಗುಂಪುಗೂಡಿದ ಜಾಗವನ್ನೇ ಹುಡುಕಿ ಬಲೆ ಬೀಸಿದವು, ಬಲೆ ತುಂಬುತ್ತಲೇ ಇತ್ತು. ಆ ತುಂಬಿದ ಬಲೆಯನ್ನೂ ಲೆಕ್ಕಕ್ಕೆ ಹಿಡಿದದ್ದರಿಂದ ಮೀನು ಹೇರಳವಾಗಿದೆ ಎಂಬ ಅಂದಾಜು ಬಂತು. ಮೀನು ಕಡಿಮೆಯಾಗುತ್ತಿದೆ ಎಂದು ದಡದ ಬೆಸ್ತರು ಹೇಳಿದ ಮಾತಿಗೆ ಬೆಲೆ ಸಿಗಲಿಲ್ಲ. 1992ರ ಜುಲೈ 2ರಂದು ಸರ್ಕಾರ ಮೀನುಗಾರಿಕೆಯನ್ನೇ ನಿಲ್ಲಿಸಬೇಕಾಯಿತು. ಸುಮಾರು 30,000 ಜನರ ಕೆಲಸ ಹೋಯಿತು.

ಮಕ್ಕಳೇ, ಸಿಕ್ಕಿದ್ದನ್ನು ಮಾತ್ರ ಎಣಿಸಿದರೆ ಸತ್ಯ ತಿಳಿಯದು. ಶಾಲೆಗೆ ಬಂದವರ ಹಾಜರಿ ಕೂಗಿ, ಊರಿನ ಮಕ್ಕಳೆಲ್ಲ ಓದುತ್ತಿದ್ದಾರೆ ಎಂದರೆ ಅದೂ ಇದೇ ತಪ್ಪು. ಬಾರದವರ ಮನೆ ಬಾಗಿಲಿಗೂ ಹೋಗಬೇಕು. ಅಲ್ಲಿ ಕಂಡದ್ದನ್ನು ಇದ್ದಂತೆಯೇ ಬರೆಯಬೇಕು. ನಿಮ್ಮಲ್ಲಿ ಕೆಲವರಾದರೂ ಇಂತಹ ಪ್ರಾಮಾಣಿಕ ಲೆಕ್ಕಿಗರಾಗಲಿ ಎಂದು ಹಾರೈಸಿ ನನ್ನ ಮಾತು ಮುಗಿಸುತ್ತೇನೆ.