ಕೇಳದೆ ಉಳಿದ ಪ್ರಶ್ನೆ

ಒಂದು ಒಳ್ಳೆಯ ಪುಸ್ತಕವನ್ನು ಓದಿ ಮುಗಿಸಿದಾಗ ಅದನ್ನು ಬರೆದವರನ್ನು ಒಮ್ಮೆ ಕಾಣಬೇಕು, ಅವರೊಡನೆ ನಾಲ್ಕು ಮಾತನಾಡಬೇಕು ಎಂಬ ಆಸೆ ಓದುಗರಾದ ನಮಗೆಲ್ಲ ಹುಟ್ಟುವುದು ಸಹಜ. ಆದರೆ ಕಂಡಾಗ ಏನನ್ನು ಕೇಳಬೇಕು ಎಂಬುದು ಅಷ್ಟು ಸುಲಭವಾಗಿ ಹೊಳೆಯುವುದಿಲ್ಲ. ಬಹುಮಟ್ಟಿಗೆ ನಮ್ಮ ಪ್ರಶ್ನೆಗಳು ಮೊದಲೇ ಸಿದ್ಧವಾಗಿರುತ್ತವೆ. ತಮಗೆ ಪ್ರೇರಣೆ ಯಾರು? ತಮ್ಮ ಮೇಲೆ ಯಾರ ಪ್ರಭಾವವಾಗಿದೆ? ಈಗ ಏನನ್ನು ಬರೆಯುತ್ತಿದ್ದೀರಿ? ಪ್ರಶ್ನೆ ಸಿದ್ಧವಾಗಿದ್ದರೆ ಉತ್ತರವೂ ಸಿದ್ಧವಾಗಿಯೇ ಬರುತ್ತದೆ.

ಜರ್ಮನಿಯ ಮಹಾಕವಿ ಗಯಟೆಯ ಕೊನೆಯ ಒಂಬತ್ತು ವರ್ಷ ಎಕರ್‌ಮನ್ ಎಂಬ ತರುಣನು ಅವನ ಒಡನಾಟದಲ್ಲಿದ್ದು, ಅವನಾಡಿದ ಮಾತುಗಳನ್ನು ಬರೆದಿಟ್ಟುಕೊಂಡು ೧೮೩೬ರಲ್ಲಿ ಪ್ರಕಟಿಸಿದನು. ಆ ಗ್ರಂಥ ಇಂದಿಗೂ ಬಾಳಿರುವುದು ಎಕರ್‌ಮನ್ ಜಾಣ ಪ್ರಶ್ನೆಗಳನ್ನು ಹಾಕಿದ್ದರಿಂದಲ್ಲ, ತಾಳ್ಮೆಯಿಂದ ಕುಳಿತು ಕಿವಿಗೊಟ್ಟದ್ದರಿಂದ. ನಮ್ಮ ಕನ್ನಡದಲ್ಲಿ ಪ್ರಶ್ನಿಸುವುದಕ್ಕೂ ಆಲಿಸುವುದಕ್ಕೂ 'ಕೇಳು' ಎಂಬ ಒಂದೇ ಕ್ರಿಯಾಪದವಿದೆ. ಈ ಎರಡು ಅರ್ಥಗಳಲ್ಲಿ ಮೊದಲನೆಯದನ್ನು ಮಾತ್ರ ಕಲಿತು ಎರಡನೆಯದನ್ನು ಬಹಳ ತಡವಾಗಿ ಅರಿತವನು ನಾನು. ಆ ಕಥೆಯನ್ನು ಹೇಳುವ ಮುನ್ನ ನಮ್ಮ ರಾಯಚೂರು ಸೀಮೆಯ ಲೇಖಕರ ವಿಷಯವಾಗಿ ಕೆಲವು ಮಾತುಗಳು ಅವಶ್ಯ.

ಕೃಷ್ಣೆ ತುಂಗಭದ್ರೆಗಳ ನಡುವಣ ಈ ಎಡದೊರೆ ನಾಡು ದಾಸಸಾಹಿತ್ಯದ ತವರು. ವಿಜಯದಾಸರು ಹುಟ್ಟಿದ್ದು ಮಾನ್ವಿ ಸೀಮೆಯ ಚೀಕಲಪರವಿಯಲ್ಲಿ; ಅವರ ಶಿಷ್ಯ ಗೋಪಾಲದಾಸರದು ದೇವದುರ್ಗ ಸೀಮೆಯ ಮೊಸರಕಲ್ಲು; 'ಹರಿಕಥಾಮೃತಸಾರ'ದ ಕರ್ತೃಗಳಾದ ಜಗನ್ನಾಥದಾಸರದು ಮತ್ತೆ ಮಾನ್ವಿ ಸೀಮೆಯ ಬ್ಯಾಗವಟ. ಜಗನ್ನಾಥದಾಸರು ಮೊದಲು ಶ್ರೀನಿವಾಸಾಚಾರ್ಯರೆಂಬ ಸಂಸ್ಕೃತ ಪಂಡಿತರಾಗಿದ್ದರಂತೆ. ಕನ್ನಡದಲ್ಲಿ ಹಾಡುವ ದಾಸರೆಂದರೆ ಅವರಿಗೆ ಸಸಾರ. ವಿಜಯದಾಸರು ಊಟಕ್ಕೆ ಕರೆದಾಗ ಹೊಟ್ಟೆನೋವೆಂದು ನೆಪ ಹೇಳಿ ತಪ್ಪಿಸಿಕೊಂಡರಂತೆ. ನೆಪದ ನೋವು ನಿಜದ ನೋವಾಯಿತಂತೆ. ಕಡೆಗೆ ಗೋಪಾಲದಾಸರಿಗೆ ಶರಣು ಹೋದಾಗ ಅವರು ತಮ್ಮ ಆಯುಷ್ಯದಲ್ಲಿ ನಲವತ್ತು ವರ್ಷಗಳನ್ನು ಧಾರೆಯೆರೆದು ಬದುಕಿಸಿದರಂತೆ. ಇದು ನಮ್ಮ ಕಡೆಯ ಮನೆಮನೆಯ ಪ್ರತೀತಿ.

ಈ ಕಥೆಯನ್ನು ನಂಬುವುದು ಬಿಡುವುದು ಅವರವರ ಭಾವಕ್ಕೆ ಬಿಟ್ಟದ್ದು. ಸಾಹಿತ್ಯದ ವಿದ್ಯಾರ್ಥಿಯಾದ ನನಗೆ ಕಾಣುವುದು ಬೇರೆ ಸಂಗತಿ. ಸಂಸ್ಕೃತದಲ್ಲಿ ಬರೆಯಬಲ್ಲವರೊಬ್ಬರು ಕನ್ನಡದ ಭಾಮಿನೀ ಷಟ್ಪದಿಗೆ ಬಂದರು. ಏಕೆ ಬಂದರು? ಬರೆಯುವ ಭಾಷೆಯನ್ನು ಬದಲಿಸಿದಾಗ ಕೇಳುವವರೂ ಬದಲಾಗುತ್ತಾರಷ್ಟೆ. ಪಂಡಿತರ ಸಭೆಯನ್ನು ಬಿಟ್ಟು ಅವರು ಯಾರ ಕಿವಿಯನ್ನು ಅರಸಿ ಬಂದರು? ಆಗ ಅವರೆದುರು ಕುಳಿತು ಕೇಳಿ ಬರೆದಿಟ್ಟವರು ಇದ್ದಿದ್ದರೆ ಎಂತಹ ಸಂಭಾಷಣೆ ನಮ್ಮದಾಗುತ್ತಿತ್ತು! ಅದು ಇಲ್ಲದ್ದರಿಂದ ಆ ಜಾಗವನ್ನು ಪ್ರತೀತಿ ತುಂಬಿಕೊಂಡಿದೆ.

ಸುಮಾರು ಇನ್ನೂರು ವರ್ಷಗಳ ತರುವಾಯ ಇದೇ ಪ್ರಶ್ನೆ ಈ ನೆಲದಲ್ಲಿ ಬೇರೊಂದು ರೂಪದಲ್ಲಿ ಎದ್ದಿತು. ೧೯೪೮ರವರೆಗೆ ರಾಯಚೂರು ನಿಜಾಮರ ಆಳ್ವಿಕೆಯಲ್ಲಿತ್ತು. ಹೈದರಾಬಾದಿನಲ್ಲಿ ೧೯೧೮ರಲ್ಲಿ ಆರಂಭವಾದ ಉಸ್ಮಾನಿಯಾ ವಿಶ್ವವಿದ್ಯಾಲಯದ ಶಿಕ್ಷಣ ಮಾಧ್ಯಮ ಉರ್ದು. ಕಚೇರಿಯ ಭಾಷೆಯೂ ಅದೇ. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಉರ್ದು, ಪೇಟೆಯಲ್ಲಿ ಕೊಂಚ ತೆಲುಗು, ಹೀಗೆ ನಮ್ಮ ಹಿರಿಯರು ಬೆಳೆದರು. ೧೯೩೪ರಲ್ಲಿ ಪಂಜೆ ಮಂಗೇಶರಾಯರ ಅಧ್ಯಕ್ಷತೆಯಲ್ಲಿ ಸಾಹಿತ್ಯ ಸಮ್ಮೇಳನ ರಾಯಚೂರಿನಲ್ಲಿ ಕೂಡಿದಾಗ, ಕನ್ನಡದಲ್ಲಿ ಬರೆಯುತ್ತೇನೆಂಬುದು ಇಲ್ಲಿಯ ಹುಡುಗನೊಬ್ಬನಿಗೆ ಒಂದು ನಿರ್ಧಾರವೇ ಆಗಿತ್ತು. ಶ್ರೀರಂಗರ ಅಧ್ಯಕ್ಷತೆಯಲ್ಲಿ ಇಲ್ಲಿ ಮತ್ತೆ ಸಮ್ಮೇಳನ ನಡೆದದ್ದು ೧೯೫೬ರಲ್ಲಿ, ನಾಡು ಒಂದಾದ ವರ್ಷ.

ರಾಯಚೂರು ಸೀಮೆಯ ಹೆಂಬೇರಾಳಿನಲ್ಲಿ ೧೯೨೪ರಲ್ಲಿ ಹುಟ್ಟಿದ ಶಾಂತರಸರು ಆ ಪೀಳಿಗೆಯವರು. ಅವರು ಉರ್ದುವನ್ನು ಬಿಟ್ಟು ಕನ್ನಡಕ್ಕೆ ಬರಲಿಲ್ಲ, ಉರ್ದುವಿನ ಗಜಲನ್ನೂ ಕನ್ನಡಕ್ಕೆ ಕರೆತಂದರು. ಗಜಲು ಕಣ್ಣಿಗಿಂತ ಹೆಚ್ಚಾಗಿ ಕಿವಿಗಾಗಿ ಹುಟ್ಟಿದ ಪ್ರಕಾರ. ಒಂದೊಂದು ದ್ವಿಪದಿಯೂ ಅರ್ಥದಲ್ಲಿ ಸ್ವತಂತ್ರ. ಎಲ್ಲವನ್ನೂ ಹೆಣೆಯುವುದು ಕಾಫಿಯಾ ಎಂಬ ಪ್ರಾಸ ಮತ್ತು ಅದರ ಬೆನ್ನಿಗೇ ಮರಳಿ ಮರಳಿ ಬರುವ ರದೀಫ್. ಮುಷಾಯಿರಾದಲ್ಲಿ ಕವಿ ಮೊದಲ ಸಾಲನ್ನು ಎರಡು ಸಲ ಹೇಳಿ ನಿಲ್ಲಿಸುತ್ತಾನೆ. ಎರಡನೆಯ ಸಾಲಿನ ಪ್ರಾಸಕ್ಕಾಗಿ ಸಭೆ ಕಾದು ಕುಳಿತಿರುತ್ತದೆ. ಕೇಳುವವನಿಲ್ಲದೆ ಗಜಲು ಪೂರ್ಣವಾಗುವುದಿಲ್ಲ. ೨೦೦೬ರಲ್ಲಿ ಬೀದರಿನ ಸಮ್ಮೇಳನಕ್ಕೆ ಅಧ್ಯಕ್ಷರಾದ ಶಾಂತರಸರು ೨೦೦೮ರಲ್ಲಿ ತೀರಿಕೊಂಡರು. ಅವರ ಮಗಳು ಎಚ್. ಎಸ್. ಮುಕ್ತಾಯಕ್ಕ ಆ ದಾರಿಯಲ್ಲಿ ತಮ್ಮದೇ ಹೆಜ್ಜೆಗಳನ್ನು ಇಟ್ಟವರು.

ಮಾನ್ವಿ ಸೀಮೆಯ ಇಬ್ಬರು ಕಥೆಗಾರರನ್ನೂ ನೆನೆಯಬೇಕು. ರಾಜಶೇಖರ ನೀರಮಾನ್ವಿ ಮತ್ತು ಅಮರೇಶ ನುಗಡೋಣಿ, ಇಬ್ಬರೂ ತಮ್ಮ ಊರಿನ ಹೆಸರನ್ನೇ ಹೊತ್ತು ಬರೆದವರು. ನುಗಡೋಣಿಯವರ 'ಸವಾರಿ' ಕಥೆಯನ್ನು ಆಧರಿಸಿ ಗಿರೀಶ ಕಾಸರವಳ್ಳಿಯವರು 'ಕನಸೆಂಬೋ ಕುದುರೆಯನೇರಿ' ಚಿತ್ರವನ್ನು ಮಾಡಿದರು. ಗೋರಿ ತೋಡುವವನೊಬ್ಬನ ಕನಸು ಹಾಗೆ ನಾಡಿನಾಚೆಗೂ ಹೋಯಿತು.

ಇನ್ನು ನನ್ನ ಸ್ವಂತದ ಕಥೆ. ೧೯೮೭ರ ಬೇಸಗೆ. ಎಂ.ಎ. ಮುಗಿಸಿ ಅಧ್ಯಾಪಕನಾಗಿ ಎರಡು ವರ್ಷವಾಗಿತ್ತು. ಕಾಲೇಜಿನ ವಾರ್ಷಿಕ ಸಂಚಿಕೆಗಾಗಿ ಲೇಖಕರೊಬ್ಬರನ್ನು ಸಂದರ್ಶಿಸಲು, ಕಡ ತಂದ ಟೇಪ್‌ರೆಕಾರ್ಡರನ್ನು ತೊಡೆಯ ಮೇಲಿಟ್ಟುಕೊಂಡು ಗಬ್ಬೂರಿನ ಮೇಲೆ ಹೋಗುವ ಬಸ್ಸಿನಲ್ಲಿ ದೇವದುರ್ಗಕ್ಕೆ ಹೋದೆ. ಅವರು ನಿವೃತ್ತ ಶಾಲಾ ಮಾಸ್ತರರು. ಒಂದೇ ಒಂದು ಕಥಾಸಂಕಲನ ಅವರದು. ಮನೆಯವರ ಇಚ್ಛೆಯಂತೆ ಹೆಸರನ್ನು ಇಲ್ಲಿ ಹೇಳುತ್ತಿಲ್ಲ. ನನ್ನ ಬಳಿ ಇಪ್ಪತ್ತೆರಡು ಪ್ರಶ್ನೆಗಳಿದ್ದವು. ನವ್ಯದ ಬಗ್ಗೆ ಕೇಳಿದೆ, ಬಂಡಾಯದ ಬಗ್ಗೆ ಕೇಳಿದೆ, ಅಸ್ತಿತ್ವವಾದವನ್ನೂ ಬಿಡಲಿಲ್ಲ. ಹಿರಿಯರು ಸೌಜನ್ಯದಿಂದ ಉತ್ತರಿಸುತ್ತ ಹೋದರು. ಯಂತ್ರವನ್ನು ನಿಲ್ಲಿಸಿ ಚೀಲಕ್ಕೆ ಹಾಕಿದ ಮೇಲೆ ಅವರ ಪತ್ನಿ ಮಜ್ಜಿಗೆ ತಂದರು.

"ಇವ್ರು ಏನ್ ಬರದ್ರೂ ಮೊದ್ಲು ನನಗ ಓದಿ ಹೇಳ್ತಾರ್ರಿ. ನನಗ ಅಕ್ಷರ ಬರಂಗಿಲ್ಲ. ನಾ ರೊಟ್ಟಿ ಬಡಿಯೋದು ಬಿಟ್ಟು ಕೇಳಿದ್ರ ಕತಿ ಇಟಗೊಂತಾರ, ಬಡಕೋಂತ ಕುಂತ್ರ ಹರದು ಒಲಿಗೆ ಹಾಕ್ತಾರ" ಎಂದರು ಆ ತಾಯಿ.

ಮಾಸ್ತರರು ನಕ್ಕು, "ಹೌದ್ರಿ ಸರ, ಆಕಿ ಒಲಿಗೆ ಭಾಳ ಕತಿ ಹೋಗ್ಯಾವ" ಎಂದರು.

ನಾನೂ ನಕ್ಕೆ. ಬಸ್ಸಿಗೆ ಹೊತ್ತಾಗಿತ್ತು, ಎದ್ದು ಬಂದೆ. ಊರಿಗೆ ಬಂದು ಕ್ಯಾಸೆಟ್ಟನ್ನು ಹಾಕಿ ಕೇಳಿದಾಗ ಅದರಲ್ಲಿ ಅವರ ದನಿಗಿಂತ ನನ್ನ ದನಿಯೇ ಹೆಚ್ಚಾಗಿತ್ತು. ಇನ್ನೊಮ್ಮೆ ಹೋಗಬೇಕು, ಆ ರೊಟ್ಟಿಯ ಮಾತಿನಿಂದಲೇ ಆರಂಭಿಸಬೇಕು ಎಂದುಕೊಂಡೆ. ಪರೀಕ್ಷೆ, ಮೌಲ್ಯಮಾಪನ, ಮನೆ, ಮಕ್ಕಳು, ಎಂದು ದಿನ ತಳ್ಳಿದೆ. ಎರಡು ವರ್ಷ ಕಳೆಯುವುದರೊಳಗೆ ಮಾಸ್ತರರು ತೀರಿಕೊಂಡರು.

ಮಾತನಾಡಿಸಿಕೊಂಡು ಬರಲು ಹೋದಾಗ ಆ ತಾಯಿ ಒಂದು ಹಳೆಯ ನೋಟುಬುಕ್ಕನ್ನು ನನ್ನ ಕೈಗಿತ್ತರು. ಅದರ ಒಂದು ಕಡೆಯಿಂದ ಕನ್ನಡದ ಬರವಣಿಗೆ. ತಿರುವಿ ಹಾಕಿದರೆ ಇನ್ನೊಂದು ಕಡೆಯಿಂದ ಉರ್ದು ಬರವಣಿಗೆ. ಉರ್ದುವನ್ನು ಬಲದಿಂದ ಎಡಕ್ಕೆ ಬರೆಯುವುದರಿಂದ ಎರಡೂ ಕಡೆ ಮೊದಲ ಪುಟವೇ. ನನಗೆ ಆ ಲಿಪಿ ಬಾರದು. ಅಪ್ಪಣೆ ಪಡೆದು ರಾಯಚೂರಿಗೆ ತಂದು ಉರ್ದು ಅಧ್ಯಾಪಕರಾದ ಮಿತ್ರರಿಗೆ ತೋರಿಸಿದೆ. ಕೆಲವು ಷೇರುಗಳು, ಸಂಬಳದ ಲೆಕ್ಕ, ಆಮೇಲೆ ಎರಡೂವರೆ ಪುಟದ ಒಂದು ಕಥೆಯ ಆರಂಭ. ಅವರು ಓದಿ ಹೇಳುತ್ತಿದ್ದಂತೆ ನನಗೆ ಗುರುತು ಹತ್ತಿತು. ಅದು ಸಂಕಲನದ ಮೊದಲನೆಯ ಕಥೆ. ಉರ್ದುವಿನಲ್ಲಿ ಎರಡೂವರೆ ಪುಟಕ್ಕೆ ನಿಲ್ಲಿಸಿ, ಪುಸ್ತಕವನ್ನು ತಿರುಗಿಸಿ, ಅದನ್ನೇ ಕನ್ನಡದಲ್ಲಿ ಮೊದಲಿನಿಂದ ಬರೆದಿದ್ದರು.

ನೋಟುಬುಕ್ಕನ್ನು ಮರಳಿಸುವಾಗ ಈ ವಿಷಯವನ್ನು ಆ ತಾಯಿಗೆ ತಿಳಿಸಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ನನಗ ಆ ಭಾಷಾ ತಿಳೀತಿದ್ದಿಲ್ಲಲ್ರಿ" ಎಂದರು.

ಅದೇ ಕಾರಣವೋ, ಬೇರೆ ಕಾರಣವಿತ್ತೋ, ಹೇಳಬಲ್ಲವರು ಇರಲಿಲ್ಲ. ಅವರು ಎದುರಿಗೇ ಕುಳಿತಿದ್ದಾಗ ನಾನು ಅಸ್ತಿತ್ವವಾದವನ್ನು ಕುರಿತು ಕೇಳುತ್ತಿದ್ದೆ. ಮೂವತ್ತಕ್ಕೂ ಹೆಚ್ಚು ವರ್ಷ ಸಾಹಿತ್ಯವನ್ನು ಪಾಠ ಹೇಳಿದವನ ಬದುಕಿನಲ್ಲಿ ಇದಕ್ಕಿಂತ ದೊಡ್ಡ ತಪ್ಪು ನನಗೆ ನೆನಪಿಲ್ಲ.

ಆಮೇಲೆ ಹಲವು ಲೇಖಕರೊಡನೆ ಮಾತನಾಡಿದ್ದೇನೆ, ಮಾತನಾಡಿಸುವುದನ್ನು ಕಂಡಿದ್ದೇನೆ. ನಿವೃತ್ತಿಗೆ ಸ್ವಲ್ಪ ಮುಂಚೆ ಮಾನ್ವಿಯಲ್ಲಿ ಕಥೆಗಾರರೊಬ್ಬರೊಡನೆ ವಿದ್ಯಾರ್ಥಿಗಳ ಸಂವಾದವಿತ್ತು. ದಿನಕ್ಕೆಷ್ಟು ಹೊತ್ತು ಬರೆಯುತ್ತೀರಿ, ಯಾವ ಪ್ರಶಸ್ತಿ ಬಂದಿದೆ ಎಂಬ ಪ್ರಶ್ನೆಗಳೆಲ್ಲ ಮುಗಿದ ಮೇಲೆ ಹಿಂದಿನ ಸಾಲಿನ ಹುಡುಗಿಯೊಬ್ಬಳು ಎದ್ದು, "ನಿಮ್ ಕತ್ಯಾಗ ಇದ್ದವ್ರು ಅದನ್ನ ಓದ್ಯಾರೇನ್ರಿ ಸರ?" ಎಂದಳು. ಸಭೆಯಲ್ಲಿ ಕೆಲವರು ನಕ್ಕರು. ಲೇಖಕರು ನಗಲಿಲ್ಲ. "ಇಲ್ಲವ್ವ. ಅವ್ರು ಬೆಂಗಳೂರಿಗೆ ಗುಳೇ ಹೋಗ್ಯಾರ. ಬಂದಾಗ ಓದಿ ಹೇಳಬೇಕು" ಎಂದರು. ಮಳೆ ಕೈಕೊಟ್ಟಾಗ ಮನೆಗೆ ಬೀಗ ಹಾಕಿ ಮಕ್ಕಳುಮರಿಗಳೊಡನೆ ಕಟ್ಟಡದ ಕೆಲಸಕ್ಕೆ ಹೋಗುವವರು ನಮ್ಮ ಸೀಮೆಯಲ್ಲಿ ಎಷ್ಟು ಜನರೆಂಬುದನ್ನು ಇಲ್ಲಿಯವರಿಗೆ ಹೇಳಬೇಕಾಗಿಲ್ಲ. ಆ ಹುಡುಗಿಯ ಪ್ರಶ್ನೆ ನನ್ನ ಇಪ್ಪತ್ತೆರಡು ಪ್ರಶ್ನೆಗಳಿಗಿಂತ ದೊಡ್ಡದಾಗಿತ್ತು.

ಬರೆಯುವವನು ಒಬ್ಬಂಟಿಯಲ್ಲ. ಅವನೆದುರು ಕೇಳುವ ಜೀವವೊಂದು ಯಾವಾಗಲೂ ಕುಳಿತಿರುತ್ತದೆ; ಅವನ ಭಾಷೆಯನ್ನು, ಅನೇಕ ವೇಳೆ ಅವನ ಕಥೆಯ ಅಳತೆಯನ್ನೂ, ಆ ಜೀವವೇ ನಿಶ್ಚಯಿಸುತ್ತದೆ. ಪಂಡಿತರನ್ನು ಬಿಟ್ಟು ಬಂದ ದಾಸರ ಎದುರಿಗೂ, ಮುಷಾಯಿರಾದ ಕವಿಯ ಎದುರಿಗೂ, ದೇವದುರ್ಗದ ಮಾಸ್ತರರ ಎದುರಿಗೂ ಅಂತಹವರಿದ್ದರು. ಲೇಖಕರನ್ನು ಕಂಡಾಗ ಅವರ ಅಭಿಪ್ರಾಯಗಳನ್ನು ಆಮೇಲೆ ಕೇಳಿದರೂ ನಡೆದೀತು. ಮೊದಲು ಯಾರಿಗೆ ಓದಿ ಹೇಳಿದಿರಿ, ಯಾವ ಭಾಷೆಯಿಂದ ಈ ಭಾಷೆಗೆ ಬಂದಿರಿ, ಹರಿದು ಹಾಕಿದ್ದೇನು, ಎಂದು ಕೇಳಬೇಕು. ಕೇಳಿ ಸುಮ್ಮನೆ ಕುಳಿತಿರಬೇಕು. ಮಜ್ಜಿಗೆ ಬರುವವರೆಗೂ ಯಂತ್ರವನ್ನು ಚೀಲಕ್ಕೆ ಹಾಕಬಾರದು.

ನಿಮ್ಮ ಊರಿನಲ್ಲಿಯೂ ಒಂದೋ ಎರಡೋ ಪುಸ್ತಕ ಬರೆದು ಮೂಲೆಯಲ್ಲಿ ಕುಳಿತ ಹಿರಿಯರೊಬ್ಬರು ಇದ್ದೇ ಇರುತ್ತಾರೆ. ಈ ಭಾನುವಾರ ಬಿಡುವಿದ್ದರೆ ಹೋಗಿ ಬನ್ನಿ. ಮುಂದಿನ ವರ್ಷ ಹೋದರಾಯಿತೆಂದು ನನ್ನಂತೆ ದಿನ ತಳ್ಳಬೇಡಿ.

(ಆಕಾಶವಾಣಿ ಭಾಷಣ)